ಹಿಂದಿನವರು ಮಾಡಿ ಹೋಗಿದ್ದು

ಸೀಗೆಕುಂಟೆಯ ಹಾಲಿನ ಡೈರಿಯಲ್ಲಿ ಸಂಘಮಿತ್ರ ನಾಲ್ಕು ಜನ ಅಧ್ಯಕ್ಷರನ್ನು ಕಂಡಿದ್ದಳು. ನಾಲ್ವರೂ ಕುರ್ಚಿಯಲ್ಲಿ ಕೂತ ಮೊದಲ ದಿನ ಹೇಳಿದ್ದು ಒಂದೇ ಮಾತು: "ಹಿಂದಿನೋರು ಸಂಘಾನ ಗುಡಿಸಿ ಗುಂಡಾಂತರ ಮಾಡಿ ಹೋಗವ್ರೆ. ಸರಿ ಮಾಡಕ್ಕೆ ನಂಗೆ ಟೈಮ್ ಬೇಕು." ಮೊದಲ ಸಲ ಕೇಳಿದಾಗ ಅವಳು ಪೂರಾ ನಂಬಿದ್ದಳು. ಎರಡನೇ ಸಲ ಅರ್ಧ ನಂಬಿದ್ದಳು. ನಾಲ್ಕನೆಯವನಾದ ಕೆಂಪರಾಜು ಅದನ್ನು ಹೇಳುವ ಹೊತ್ತಿಗೆ ತಲೆ ತಗ್ಗಿಸಿ ಸ್ಯಾಂಪಲ್ ಬಾಟಲಿ ತೊಳೆಯುತ್ತ, ಈತ ಮುಂದೆ ಏನನ್ನು ಮುಚ್ಚಿಡಲು ಈಗಲೇ ಜಾಗ ಮಾಡಿಕೊಳ್ಳುತ್ತಿದ್ದಾನೆ ಎಂದು ಯೋಚಿಸುತ್ತಿದ್ದಳು.

ಸೀಗೆಕುಂಟೆ ಇರುವುದು ಚಿಂತಾಮಣಿಯಿಂದ ಕೆಂಚಾರ್ಲಹಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ. ಸಂಘಮಿತ್ರ ಅಲ್ಲಿಗೆ ಸೊಸೆಯಾಗಿ ಬಂದವಳು. ಶಿಡ್ಲಘಟ್ಟದ ಕಡೆ ಮೇಷ್ಟರಾಗಿದ್ದ ಅವಳ ತಂದೆ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷವೇ ಹುಟ್ಟಿದ್ದರಿಂದ ಆ ಹೆಸರು. ಸೀಗೆಕುಂಟೆಯವರ ನಾಲಿಗೆಯಲ್ಲಿ ಅದು ಒಂದೇ ವಾರದಲ್ಲಿ ಸಂಗಮ್ಮ ಆಯಿತು. ಸೈನ್ಸ್ ತೆಗೆದುಕೊಂಡು ಪಿಯುಸಿ ಪಾಸಾಗಿದ್ದಳು. ಹಾಲು ಒಕ್ಕೂಟದ ತರಬೇತಿ ಮುಗಿಸಿ ಡೈರಿಗೆ ಟೆಸ್ಟರ್ ಆಗಿ ಸೇರಿದಾಗ ಅವಳಿಗೆ ಇಪ್ಪತ್ತಮೂರು ವರ್ಷ. ಈಗ ನಲವತ್ತನಾಲ್ಕು.

ಸೇರಿದ ಮೊದಲ ದಿನಗಳಲ್ಲಿ ಸಾಲಿನಲ್ಲಿದ್ದ ಕೆಲವರು ಕ್ಯಾನನ್ನು ಹಿಂದಕ್ಕೆ ಎಳೆದುಕೊಂಡಿದ್ದರು. ಯಾಕೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಅವಳಿಗೂ ಕೇಳುವ ಅಗತ್ಯವಿರಲಿಲ್ಲ. ಆಗ ಕ್ಯಾನು ಎತ್ತಿಡುವ ಕೆಲಸದಲ್ಲಿದ್ದ ಕೋನಪ್ಪ, ಅವಳು ಪರೀಕ್ಷೆ ಮಾಡಿ ಉಳಿಸಿದ್ದ ಹಾಲನ್ನೆಲ್ಲ ಒಂದು ಪಾತ್ರೆಗೆ ಸುರಿದು ಸ್ಟೌ ಮೇಲೆ ಟೀ ಕಾಯಿಸಿದ. ಮೊದಲ ಲೋಟ ತಾನೇ ಕುಡಿದು, ಎರಡನೆಯದನ್ನು ಸಾಲಿನ ಮುಂದಿದ್ದವನ ಮೂಗಿನ ಹತ್ತಿರ ಹಿಡಿದು, "ತಗೊಳ್ಳಯ್ಯ, ಸಕ್ಕರೆ ಸರಿಯಾಗೈತೆ" ಎಂದ. ಅವನು ತಗೊಂಡ. ಅಲ್ಲಿಂದ ಸಾಲು ಮುಂದೆ ಸರಿಯಿತು.

ಹಾಲು ಪರೀಕ್ಷೆ ಮಾಡುವವರಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆಯಾಗುತ್ತ ಹೋಗುತ್ತದೆ. ನೀರು ಬೆರೆಸುವವರು, ಸಕ್ಕರೆ ಹಾಕುವವರು, ಯೂರಿಯಾ ಹಾಕುವವರು, ಇದ್ಯಾವುದೂ ಗೊತ್ತಿಲ್ಲದಂತೆ ದೇವರ ಮೇಲೆ ಆಣೆ ಇಡುವವರು. ಸಂಘಮಿತ್ರ ಎಲ್ಲರನ್ನೂ ನೋಡಿದ್ದಳು. ಮೊದಲು ತಂದವನ ಮುಖ ನೋಡಿ ಆಮೇಲೆ ಹಾಲು ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ತನ್ನ ಹಾಲಿಗೆ ತಾನೇ ಜಾಸ್ತಿ ಫ್ಯಾಟ್ ಹಾಕಿಕೊಳ್ಳುತ್ತಾಳೆ ಎಂದು ಯಾರೂ ಅನ್ನಬಾರದೆಂದು ಮನೆಯಲ್ಲಿ ಒಂದು ಹಸುವನ್ನೂ ಕಟ್ಟಿರಲಿಲ್ಲ. ಗಂಡ ಅಂಬರೀಶ್ ಶಿಡ್ಲಘಟ್ಟದ ರೇಷ್ಮೆ ನೂಲಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. "ನಾನು ತಂದ ಸಂಬಳಾನೂ ಒಂದ್ಸಲ ಮಿಷಿನ್‌ಗೆ ಇಟ್ಟು ನೋಡ್ಬಿಡು" ಎಂದು ನಗುತ್ತಿದ್ದ.

ಕೆಂಪರಾಜುವಿಗಿಂತ ಮುಂಚೆ ಹತ್ತು ವರ್ಷ ಅಧ್ಯಕ್ಷನಾಗಿದ್ದವನು ಮುನಿನಾರಾಯಣಪ್ಪ. ಹಾಲು ತಣ್ಣಗಿಡುವ ದೊಡ್ಡ ಕೂಲರ್ ಡೈರಿಗೆ ಬಂದದ್ದು, ಅದಕ್ಕೆಂದು ಹಿಂದುಗಡೆ ಒಂದು ಕೋಣೆ ಎದ್ದದ್ದು ಅವನ ಕಾಲದಲ್ಲೇ. ಪ್ರತಿ ದೀಪಾವಳಿಗೆ ಬೋನಸ್ ಕೊಡುತ್ತಿದ್ದ. ಕೆಂಪರಾಜು ಬಂದ ಮೇಲೆ ಡೈರಿಯ ನೆಲಕ್ಕೆಲ್ಲ ಟೈಲ್ಸ್ ಹಾಕಿಸಿದ, ಹೊಸ ಮೋರಿ ತೆಗೆಸಿದ, ಬಾಗಿಲ ಪಕ್ಕ ತನ್ನ ಹೆಸರಿನ ಗ್ರಾನೈಟ್ ಕಲ್ಲು ನಿಲ್ಲಿಸಿದ. ಆದರೆ ಮೊದಲ ವರ್ಷವೇ ಬೋನಸ್ ನಿಂತಿತು.

"ನಮ್ ಕಾಲ್ದಲ್ಲಿ ಬೋನಸ್ ಬರ್ತಿತ್ತು. ಈಗ ಟೈಲ್ಸ್ ಬಂದವೆ. ಹಬ್ಬಕ್ಕೆ ಟೈಲ್ಸ್ ಬೇಯಿಸ್ಕೊಂಡು ತಿನ್ನಿ" ಎಂದು ಮುನಿನಾರಾಯಣಪ್ಪನ ಕಡೆಯವರು ಟೀ ಅಂಗಡಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು.

"ಆ ಬೋನಸ್ಸು ಎಲ್ಲಿಂದ ಬಂತು ಕೇಳ್ರಪ್ಪ. ಸಂಘದ ಡಿಪಾಜಿಟ್ ಮುರಿದು ಮುರಿದು ಕೊಟ್ಟಿದ್ದು. ಅವರು ತಿನ್ನಿಸಿದ್ದನ್ನ ಈಗ ನಾವು ಕಕ್ತಾ ಇದೀವಿ" ಎಂದು ಕೆಂಪರಾಜುವಿನ ಕಡೆಯವರು ಎದುರಿನ ಕಟ್ಟೆಯಿಂದ ಉತ್ತರ ಕೊಡುತ್ತಿದ್ದರು.

ಎರಡೂ ಮಾತಿನಲ್ಲಿ ಅಷ್ಟೋ ಇಷ್ಟೋ ನಿಜವಿದೆ ಎಂಬುದು ಸಂಘಮಿತ್ರಳಿಗೆ ಗೊತ್ತಿತ್ತು. ಹೇಳಿದರೆ ಎರಡು ಕಡೆಯವರೂ ಅವಳನ್ನು ಎದುರು ಪಾರ್ಟಿಗೆ ಸೇರಿಸುತ್ತಾರೆ ಎಂಬುದೂ ಗೊತ್ತಿತ್ತು. ಸುಮ್ಮನಿದ್ದಳು.

ಯುಗಾದಿ ಕಳೆದ ಮೇಲೆ ಹಾಲಿನ ಡಿಗ್ರಿ ಬೀಳತೊಡಗಿತು. ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿಯುವ ಗಟ್ಟಿ ಅಂಶಕ್ಕೆ ಊರವರು ಹೇಳುವುದು ಡಿಗ್ರಿ ಎಂದು. ನೀರು ಬಿದ್ದರೆ ಮೊದಲು ಇಳಿಯುವುದು ಅದು. ಬೆಳಿಗ್ಗೆ, ಸಾಯಂಕಾಲ ಸಂಘಮಿತ್ರ ಒಬ್ಬೊಬ್ಬರ ಹಾಲನ್ನೂ ಪರೀಕ್ಷೆ ಮಾಡಿ ಕೂಲರಿಗೆ ಬಿಡುತ್ತಿದ್ದಳು. ಅವಳ ಮಿಷಿನ್‌ನಲ್ಲಿ ಎಲ್ಲ ಸರಿಯಿರುತ್ತಿತ್ತು. ಮಾರನೇ ದಿನ ಒಕ್ಕೂಟದ ಟ್ಯಾಂಕರ್ ಬಂದು ತುಂಬಿಕೊಂಡು ಹೋದ ಅದೇ ಹಾಲಿಗೆ ಅಲ್ಲಿಂದ ಬರುವ ಚೀಟಿಯಲ್ಲಿ ಮಾತ್ರ ಡಿಗ್ರಿ ಕಮ್ಮಿ. ಲೀಟರುಗಳ ಲೆಕ್ಕ ಸರಿಯಾಗಿತ್ತು, ಒಂದು ಲೀಟರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಲು ಮಾತ್ರ ತೆಳ್ಳಗೆ. ಡಿಗ್ರಿ ಕಮ್ಮಿಯಾದರೆ ರೇಟು ಕಮ್ಮಿ. ಅಂದರೆ ಡೈರಿ ಬಾಗಿಲು ದಾಟಿ ಒಳಗೆ ಬಂದ ಮೇಲೆ, ಟ್ಯಾಂಕರಿಗೆ ಹೋಗುವ ಮೊದಲು, ಯಾರೋ ಏನೋ ಮಾಡುತ್ತಿದ್ದರು.

ಕೆಂಪರಾಜುವಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. "ಹಿಂದಿನೋರು ಹೋದ್ರೂ ಅವರ ಜನ ಇಲ್ಲೇ ಅವ್ರಲ್ಲ" ಎಂದ.

ಅವರ ಜನ ಎಂದರೆ ಕೋನಪ್ಪ. ಈಗ ಅವನು ಕೂಲರ್ ನೋಡಿಕೊಳ್ಳುತ್ತಿದ್ದ, ಆ ಕೋಣೆಯ ಬೀಗದ ಕೈ ಅವನ ಉಡಿದಾರದಲ್ಲೇ ಇರುತ್ತಿತ್ತು. ಮುನಿನಾರಾಯಣಪ್ಪನ ಸೋದರತ್ತೆಯ ಮಗ ಬೇರೆ.

ಸಂಘಮಿತ್ರ ಮೊದಮೊದಲು ಆ ಮಾತನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಆದರೆ ಒಮ್ಮೆ ಕಿವಿಗೆ ಬಿದ್ದ ಮೇಲೆ ಕಣ್ಣು ಸುಮ್ಮನಿರಬೇಕಲ್ಲ. ಕೋನಪ್ಪ ಕೋಣೆಯೊಳಗೆ ಎಷ್ಟು ಹೊತ್ತು ಇರುತ್ತಾನೆ, ಬಾಗಿಲು ಯಾಕೆ ಅರ್ಧ ಮುಚ್ಚಿರುತ್ತದೆ ಎಂದು ನೋಡತೊಡಗಿದಳು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಟ್ಯಾಂಕರ್ ಬರುವುದಕ್ಕೆ ಇನ್ನೂ ಸಮಯವಿದ್ದಾಗ, ಮರೆತಿದ್ದ ಛತ್ರಿ ತಗೊಳ್ಳಲು ಡೈರಿಗೆ ಬಂದಳು. ಕೂಲರ್ ಕೋಣೆಯಲ್ಲಿ ನೀರಿನ ಸದ್ದು ಕೇಳಿಸಿತು. ಇಣುಕಿದರೆ ಕೋನಪ್ಪ ಪೈಪು ಹಿಡಿದು ನಿಂತಿದ್ದ. ಅವಳನ್ನು ಕಂಡವನೇ ಪೈಪನ್ನು ಕೆಳಗೆ ಹಾಕಿದ.

"ಏನಮ್ಮಾ ಇಷ್ಟೊತ್ತಲ್ಲಿ?" ಎಂದ.

"ಛತ್ರಿ ಮರ್ತಿದ್ದೆ ಕೋನಪ್ಪಣ್ಣ" ಎಂದು ಹೇಳಿ ತಿರುಗಿ ಬಂದಳು. ಮನೆ ತಲುಪುವ ತನಕ ಅದೇ ಯೋಚನೆ. ಯಾಕೆ ಪೈಪ್ ಕೆಳಗೆ ಹಾಕಿದ?

ಮಾರನೇ ದಿನ ಕೆಂಪರಾಜು ಅವಳನ್ನು ಆಫೀಸ್ ಕೋಣೆಗೆ ಕರೆದು ಕುರ್ಚಿ ತೋರಿಸಿದ. "ನೋಡಮ್ಮ ಸಂಗಮ್ಮ, ನೀನು ಯಾರ ಪಾರ್ಟೀನೂ ಅಲ್ಲ. ಓದಿರೋಳು. ನಿನ್ ಮಾತು ನಾನು ನಂಬ್ತೀನಿ. ಏನಾದ್ರೂ ಕಂಡಿದ್ಯಾ?"

ಇಪ್ಪತ್ತೊಂದು ವರ್ಷದಲ್ಲಿ ಯಾವ ಅಧ್ಯಕ್ಷನೂ ಅವಳಿಗೆ ಕುರ್ಚಿ ತೋರಿಸಿರಲಿಲ್ಲ. ಕಂಡದ್ದನ್ನು ಹೇಳಿದಳು. ಕಂಡದ್ದನ್ನಷ್ಟೇ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಆದರೆ "ನನ್ನ ನೋಡಿದ ತಕ್ಷಣ ಪೈಪ್ ಬಿಸಾಕಿದ್ರು" ಎಂದು ಹೇಳುವಾಗ ತನ್ನ ದನಿ ಹೇಗಿತ್ತು ಎಂಬುದು ಅವಳಿಗೆ ಮರೆಯಲಿಲ್ಲ.

ಎರಡು ದಿನ ಬಿಟ್ಟು ಕಮಿಟಿ ಸೇರಿತು. ಕೋನಪ್ಪನನ್ನು ನಿಲ್ಲಿಸಿ ಕೇಳಿದರು.

"ಕಂಪ್ರೆಸರ್ ಕಾದು ಕಾದು ಆಫ್ ಆಗ್ತಿತ್ತು. ಜಾಲರಿಗೆ ನೀರು ಹುಯ್ತಿದ್ದೆ. ಬಿಸಿಲು ಕಾಲ್ದಲ್ಲಿ ದಿನಾ ಹುಯ್ತೀನಿ. ಇಲ್ಲದಿದ್ರೆ ಹಾಲು ಕೆಟ್ಟೋಗುತ್ತೆ" ಎಂದ ಕೋನಪ್ಪ.

"ಸರಿ. ಸಂಗಮ್ಮ ಬಂದಾಗ ಪೈಪ್ ಯಾಕೆ ಕೆಳಗಾಕ್ದೆ?" ಎಂದ ಕೆಂಪರಾಜು.

ಕೋನಪ್ಪ ಆ ಪ್ರಶ್ನೆ ಅರ್ಥವಾಗದವನಂತೆ ನೋಡಿದ. "ಅವಮ್ಮ ಬಂದ್ರಲ್ಲ. ಮಾತಾಡ್ಸಣ ಅಂತ."

ಯಾರೋ ನಕ್ಕರು. ಅಂದೇ ಅವನ ಕೆಲಸ ಹೋಯಿತು. ಹೊರಗೆ ಬಂದು ಉಡಿದಾರದಿಂದ ಬೀಗದ ಕೈ ಬಿಚ್ಚಿ ಸಂಘಮಿತ್ರಳ ಮೇಜಿನ ಮೇಲಿಟ್ಟು, "ಜೋಪಾನಮ್ಮಾ" ಎಂದು ಹೇಳಿ ಟವಲು ಹೆಗಲಿಗೆ ಹಾಕಿಕೊಂಡು ಹೋದ.

ಹೊಸಬ ಸಿಗುವ ತನಕ ಕೂಲರ್ ತೊಳೆಯುವ ಕೆಲಸವೂ ಅವಳಿಗೇ ಬಿತ್ತು. ಟ್ಯಾಂಕರ್ ಹೋದ ಮೇಲೆ ಅದರ ತೊಟ್ಟಿಯೊಳಗೆ ಪೈಪು ಬಿಟ್ಟು ತೊಳೆದು, ಮುಂದಿನ ನಲ್ಲಿಯಿಂದ ನೀರು ಬಸಿದು, ನಲ್ಲಿ ಮುಚ್ಚಿ, ತಾನೇ ಬೀಗ ಹಾಕಿ, ಕೀಲಿಯನ್ನು ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಿದ್ದಳು. ಇನ್ನು ಡಿಗ್ರಿ ಏರುತ್ತದೆ ಎಂದು ಕಾದಳು. ಒಂದು ವಾರ ಕಳೆಯಿತು, ಎರಡಾಯಿತು. ಚೀಟಿಯಲ್ಲಿ ಅದೇ ಅಂಕಿ.

ಊರಿನ ಮಾತು ತಿರುಗಿತು. "ಮೊದಲಿಂದಾನೂ ಇವಳು ಮುನಿನಾರಾಯಣಪ್ಪನ ಕಡೆಯೋಳೇ. ಕೆಲ್ಸ ಕೊಡ್ಸಿದ್ದು ಅವನ ಪಾರ್ಟಿನೇ ಅಲ್ವಾ" ಎಂದು ಕಟ್ಟೆಯ ಮೇಲಿನವರು ಅಂದರು. "ಕೋನಪ್ಪನ್ನ ಓಡ್ಸಿ ಆ ಜಾಗದಲ್ಲಿ ತಾನು ಕೂತ್ಕೊಂಡ್ಳು. ಕೆಂಪರಾಜನೂ ಇವಳೂ ಒಂದೇ" ಎಂದು ಟೀ ಅಂಗಡಿಯವರು ಅಂದರು. ಸಾಲಿನಲ್ಲಿ ನಿಂತವರು ಅವಳ ಮಿಷಿನ್‌ಗಿಂತ ಹೆಚ್ಚಾಗಿ ಅವಳ ಕೈಯನ್ನು ನೋಡತೊಡಗಿದರು. ಕೆಂಪರಾಜು ಕುರ್ಚಿ ತೋರಿಸುವುದನ್ನು ನಿಲ್ಲಿಸಿದ.

ಅವಳಿಗೂ ಯಾರೂ ಸರಿಯಾಗಿ ಕಾಣಲಿಲ್ಲ. ಟ್ಯಾಂಕರ್ ಡ್ರೈವರ್ ದಾರಿಯಲ್ಲಿ ಏನಾದರೂ ಮಾಡುತ್ತಾನೋ? ಕೆಂಪರಾಜು ತನ್ನ ಕಡೆಯವರಿಗೆ ಕೆಲಸ ಕೊಡಿಸಲು ಇನ್ನೊಂದು ಬೀಗದ ಕೈ ಮಾಡಿಸಿಕೊಂಡಿದ್ದಾನೋ? ಕೋನಪ್ಪನೇ ಹೋಗುವ ಮುಂಚೆ ಏನಾದರೂ ಮಾಡಿಟ್ಟು ಹೋದನೋ? ಊಟದ ಹೊತ್ತಿಗೆ ಅಂಬರೀಶ್, "ಇನ್ನು ಉಳಿದಿರೋದು ನಾನೊಬ್ಬನೇ" ಎಂದರೆ ಅವಳಿಗೆ ನಗು ಬರಲಿಲ್ಲ.

ಕೊನೆಗೆ ಹಾಲಿನ ಜೊತೆಯೇ ಹೆಜ್ಜೆ ಹಾಕುತ್ತ ಹೋಗುವುದೆಂದು ನಿರ್ಧರಿಸಿದಳು. ಸಾಲಿನವರ ಹಾಲೆಲ್ಲ ಸೇರಿದ ಕ್ಯಾನಿನಿಂದ ಒಂದು ಬಾಟಲಿ, ಕೂಲರಿಗೆ ಬಿದ್ದು ಕದಡಿದ ಮೇಲೆ ಒಂದು ಬಾಟಲಿ, ಟ್ಯಾಂಕರಿಗೆ ಹೋಗುವಾಗ ಒಂದು ಬಾಟಲಿ ತೆಗೆದಳು. ಕ್ಯಾನಿನ ಹಾಲು ಸರಿಯಿತ್ತು. ಕೂಲರಿನದು ತೆಳ್ಳಗಿತ್ತು. ಟ್ಯಾಂಕರಿನದು ಕೂಲರಿನದರ ಹಾಗೇ ಇತ್ತು. ಡ್ರೈವರ್ ಮೇಲಿದ್ದ ಅನುಮಾನ ಅವಳ ಮನಸ್ಸಿನಿಂದ ಬಿಟ್ಟುಹೋಯಿತು. ಆದರೆ ಕೂಲರಿಗೆ ಹಾಲು ಬಿಟ್ಟವಳು ತಾನೇ, ಆ ಕೋಣೆ ಬಿಟ್ಟು ಕದಲದೆ ನಿಂತವಳೂ ತಾನೇ. ಅವತ್ತು ಅವಳಿಗೆ ನಿಜವಾಗಿ ಭಯವಾಯಿತು.

ಮಾರನೇ ದಿನ ಟ್ಯಾಂಕರ್ ಹೋದ ಮೇಲೆ ಎಂದಿನಂತೆ ತೊಟ್ಟಿ ತೊಳೆದಳು. ನಲ್ಲಿಯಿಂದ ನೀರು ಸಣ್ಣಗಾಗಿ, ತೊಟ್ಟಿಕ್ಕಿ, ನಿಂತಿತು. ನಲ್ಲಿ ಮುಚ್ಚಲು ಹೋದವಳು ತಡೆದು, ಮೊಬೈಲಿನ ಟಾರ್ಚ್ ಹಾಕಿ ಮೇಲಿನ ಮುಚ್ಚಳದಿಂದ ಸೊಂಟದವರೆಗೂ ಒಳಗೆ ಬಗ್ಗಿದಳು. ಮುಂದಿನ ಭಾಗದಲ್ಲಿ ನೀರಿಲ್ಲದೆ ಬರೀ ಸ್ಟೀಲು ಹೊಳೆಯುತ್ತಿತ್ತು. ಹಿಂದಿನ ಮೂಲೆಗೆ ಬೆಳಕು ಬಿಟ್ಟಾಗ ಆ ಬೆಳಕು ಅಲ್ಲಾಡಿತು. ಸ್ಟೀಲು ಅಲ್ಲಾಡುವುದಿಲ್ಲ. ಅಲ್ಲಿ ನೀರಿತ್ತು.

ಚೊಂಬಿನಿಂದ ತೋಡಿ ತೋಡಿ ಹೊರಗೆ ತೆಗೆದಳು. ಎರಡು ಬಿಂದಿಗೆ ತುಂಬಿತು.

ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತು ಯೋಚಿಸಿದಳು. ತೊಟ್ಟಿ ಹಿಂದಕ್ಕೆ ವಾಲಿದೆ. ನಲ್ಲಿ ಇರುವುದು ಮುಂದೆ. ತೊಳೆದಾಗಲೆಲ್ಲ ಎರಡು ಬಿಂದಿಗೆ ನೀರು ಹಿಂದೆ ಉಳಿದು ಹೊಸ ಹಾಲಿಗೆ ಸೇರುತ್ತಿದೆ. ಟ್ಯಾಂಕರ್ ಹಾಲು ಎಳೆದುಕೊಂಡಾಗ ಎರಡು ಬಿಂದಿಗೆ ಹಾಲೂ ಹಾಗೇ ಹಿಂದೆ ಉಳಿದು, ತೊಳೆಯುವ ನೀರಿನ ಜೊತೆ ಮೋರಿಗೆ ಹೋಗುತ್ತಿದೆ. ಅದಕ್ಕೇ ಲೀಟರು ಸರಿಹೋಗುತ್ತಿತ್ತು, ಡಿಗ್ರಿ ಬೀಳುತ್ತಿತ್ತು. ಅರ್ಧ ತುಂಬಿದ ಸ್ಯಾಂಪಲ್ ಬಾಟಲಿಯನ್ನು ಕೂಲರ್ ಕೂತಿದ್ದ ಸಿಮೆಂಟು ಕಟ್ಟೆಯ ಮೇಲೆ ಇಟ್ಟು ನೋಡಿದಳು. ಬಾಟಲಿಯೊಳಗೆ ಹಾಲಿನ ಗೆರೆ ಸೊಟ್ಟಗೆ ನಿಂತಿತು. ಹಿಂಬದಿಗೆ ಹೋದಳು. ಕಟ್ಟೆ ಬಿರುಕು ಬಿಟ್ಟು ಮಣ್ಣಿಗೆ ಇಳಿದಿತ್ತು, ಮಣ್ಣು ಹಸಿಯಾಗಿತ್ತು. ಮೊದಲು ಅಲ್ಲಿ ತಿಪ್ಪೆಗುಂಡಿ ಇತ್ತು. ಮುನಿನಾರಾಯಣಪ್ಪ ಅದನ್ನು ಮಣ್ಣು ತುಂಬಿಸಿ, ಸರಿಯಾಗಿ ಕುಟ್ಟಿಸಿ ದಮ್ಮಸ್ಸು ಮಾಡಿಸದೆ ಮೇಲೆ ಕೋಣೆ ಕಟ್ಟಿಸಿದ್ದ. ಕೆಂಪರಾಜು ಹಾಕಿಸಿದ ಹೊಸ ಮೋರಿಯ ನೀರೆಲ್ಲ ಈಗ ಬಂದು ಇಂಗುತ್ತಿದ್ದುದು ಅಲ್ಲಿಗೇ.

ಕಳ್ಳ ಸಿಕ್ಕಿದ್ದ. ಆದರೆ ಬೈಯಲು ಅಲ್ಲಿ ಒಂದು ಮುಖ ಇರಲಿಲ್ಲ. ಆ ಸಿಟ್ಟು ಎಲ್ಲಿಗೂ ಹೋಗಲಾಗದೆ ನಿಂತಿದ್ದಾಗ ಅವಳಿಗೆ ಕೋನಪ್ಪನ ಮುಖ ನೆನಪಾಯಿತು.

ಸರ್ವಸದಸ್ಯರ ಸಭೆ ಆ ಭಾನುವಾರವೇ ಶಾಲೆಯ ಮೈದಾನದಲ್ಲಿತ್ತು. ಒಕ್ಕೂಟದಿಂದ ವಿಸ್ತರಣಾಧಿಕಾರಿ ಹರಿಣಿ ಬಂದಿದ್ದರು. ಲೆಕ್ಕ ಓದಿ ಮುಗಿಯುವ ಮೊದಲೇ ಗಲಾಟೆ ಎದ್ದಿತು. ಮುನಿನಾರಾಯಣಪ್ಪನ ಕಡೆಯವರು ನಷ್ಟ ಯಾಕೆ ಎಂದು ಕೇಳಿದರು, ಕೆಂಪರಾಜು ಹಿಂದಿನವರನ್ನು ಕೇಳಿ ಎಂದ. ಸಂಘಮಿತ್ರ ಎದ್ದು ನಿಂತು ಕಂಡದ್ದನ್ನೆಲ್ಲ ಹೇಳಿದಳು. ಈ ಸಲ ದನಿ ಏರದಂತೆ ನೋಡಿಕೊಂಡಳು.



"ಕೇಳುದ್ರಾ? ತಿಪ್ಪೆಗುಂಡಿ ಮೇಲೆ ಕೂಲರ್ ಇಟ್ಟೋರು ಯಾರಪ್ಪ?" ಎಂದ ಕೆಂಪರಾಜು.

"ಆರು ವರ್ಷ ಅಲ್ಲಾಡದೆ ನಿಂತಿತ್ತಲ್ಲಯ್ಯ! ಮೋರಿ ತಂದು ಅದರ ಬುಡಕ್ಕೆ ಬಿಟ್ಟೋನು ನೀನು" ಎಂದು ಮುನಿನಾರಾಯಣಪ್ಪ ಎದ್ದ.

"ನೀನು ನೆಟ್ಟಗೆ ಕಟ್ಟಿಸಿದ್ರೆ ಮೋರಿ ಏನ್ ಮಾಡ್ತಿತ್ತು?"

"ನೀನು ಟೈಲ್ಸ್ ಕಾಣದೋನ ಹಂಗೆ ಕುಣೀದಿದ್ರೆ ಮೋರಿ ಎಲ್ಲಿರ್ತಿತ್ತು?"

ಹಿಂದಿನಿಂದ ಯಾರೋ ಕೂಗಿದರು: "ಇರ್ಲಿ, ಆ ನೀರು ಅವಳೇ ತುಂಬ್ಸಿ ತೋರಿಸ್ತಾ ಇಲ್ಲ ಅಂತ ಏನ್ ಗ್ಯಾರಂಟಿ?" ಇದಕ್ಕೆ ಮಾತ್ರ ಎರಡು ಕಡೆಯವರೂ ತಲೆಯಾಡಿಸಿದರು.

ಹರಿಣಿ ಎದ್ದು ಡೈರಿಯ ಕಡೆ ನಡೆದರು. ಸಭೆ ಹಿಂದೆ ಹೋಯಿತು. ತಮ್ಮ ಕೈಯಾರೆ ತೊಟ್ಟಿಗೆ ನೀರು ಬಿಟ್ಟು ನಲ್ಲಿ ತೆಗೆದರು. ನೀರು ನಿಂತ ಮೇಲೆ, "ಅಧ್ಯಕ್ಷರೇ, ಬಗ್ಗಿ ನೋಡಿ. ಆಮೇಲೆ ನೀವು ನೋಡಿ ಮುನಿನಾರಾಯಣಪ್ಪನವರೇ. ಇಬ್ಬರ ತಲೆ ಒಟ್ಟಿಗೆ ಹಿಡಿಯಲ್ಲ" ಎಂದರು. ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಬಗ್ಗಿದರು. ಎದ್ದಾಗ ಇಬ್ಬರ ಪಂಚೆಯೂ ಒದ್ದೆಯಾಗಿತ್ತು.

"ಇದು ಯಾರದು ತಪ್ಪು ಅಂತ ಬರ್ಕೊಳ್ತೀರಾ ಮೇಡಂ?" ಎಂದ ಕೆಂಪರಾಜು.

ಸಂಘಮಿತ್ರ ನಡುವೆ ಬಾಯಿ ಹಾಕಿದಳು. "ಯಾರದು ಅಂತ ನೀವು ಆಮೇಲೆ ಜಗಳ ಆಡಿ. ಕೋನಪ್ಪಣ್ಣಂದು ಅಲ್ಲ. ಅದನ್ನ ಬರ್ಕೊಳ್ಳಿ ಮೇಡಂ. ಮೊದಲು ಅವರ ಮೇಲೆ ಹೇಳಿದ್ದು ನಾನೇ ಅಂತಾನೂ ಬರ್ಕೊಳ್ಳಿ."

ಹರಿಣಿ ನಡಾವಳಿ ಪುಸ್ತಕ ತೆಗೆದು ಬರೆದುಕೊಂಡರು.

ಸಾಯಂಕಾಲದ ಹಾಲು ಮುಗಿಸಿಕೊಂಡು ಸಂಘಮಿತ್ರ ಕೋನಪ್ಪನ ಹಿಪ್ಪುನೇರಳೆ ತೋಟಕ್ಕೆ ಹೋದಳು. ಅವನು ಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದ. ಸುದ್ದಿ ಅವಳಿಗಿಂತ ಮುಂಚೆ ಬಂದು ತಲುಪಿತ್ತು.

"ತಪ್ಪಾಯ್ತು ಕೋನಪ್ಪಣ್ಣ" ಎಂದಳು. "ಕಮಿಟಿಯೋರು ವಾಪಸ್ ಕರೀತಾರೆ. ಬನ್ನಿ."

ಕೋನಪ್ಪ ಕುಡುಗೋಲು ನಿಲ್ಲಿಸಲಿಲ್ಲ. "ಕೆಂಪರಾಜ ಅನುಮಾನ ಪಟ್ಟ, ಪಡ್ಲಿ. ನಾನು ಮುನಿನಾರಾಯಣನ ಕಡೆಯೋನು, ಅವನು ಪಡಬೇಕಾದ್ದೇ. ನಾಳೆ ನಮ್ಮೋನು ಕುರ್ಚಿಗೆ ಬಂದ್ರೆ ಅವನ ಜನದ ಮೇಲೆ ಪಡ್ತಾನೆ. ನೀನು ಯಾವ ಪಾರ್ಟಿ ಅಂತ ನನ್ ಮೇಲೆ ಅನುಮಾನ ಪಟ್ಟೆ ಸಂಗಮ್ಮಾ?"

ಅವಳು ಬಗ್ಗಿ ಕೊಯ್ದ ಸೊಪ್ಪನ್ನು ಕಂತೆ ಕಟ್ಟಲು ಕೈ ಹಚ್ಚಿದಳು. ಅವನು ಬೇಡ ಅನ್ನಲಿಲ್ಲ. ಕತ್ತಲಾಗುವ ಮುಂಚೆ ಎದ್ದು ಬಂದಳು.

ಹದಿನೈದು ದಿನದಲ್ಲಿ ಒಕ್ಕೂಟದ ಮೆಕ್ಯಾನಿಕ್‌ಗಳು ಬಂದು ಕಟ್ಟೆ ಒಡೆದು, ಕಲ್ಲು ತುಂಬಿಸಿ, ಕೂಲರನ್ನು ಮಟ್ಟವಾಗಿ ಕೂರಿಸಿದರು. ಮೋರಿಯನ್ನು ಬೇರೆ ಕಡೆ ತಿರುಗಿಸಿದರು. ಚೀಟಿಯಲ್ಲಿ ಡಿಗ್ರಿ ಮೇಲೇರಿತು. ಹಿಂದಿನವರು ಹಾಳು ಮಾಡಿದ್ದನ್ನು ಅಧ್ಯಕ್ಷರು ಸರಿ ಮಾಡಿದರು ಎಂದು ಕಟ್ಟೆಯ ಮೇಲಿನವರು ಹೇಳಿಕೊಂಡರು. ನಾವು ಸಭೆಯಲ್ಲಿ ಕೇಳಿದ್ದಕ್ಕೇ ಅವನು ಸರಿ ಮಾಡಿದ್ದು ಎಂದು ಟೀ ಅಂಗಡಿಯವರು ಹೇಳಿಕೊಂಡರು. ಕೂಲರ್ ನೋಡಿಕೊಳ್ಳಲು ಕೆಂಪರಾಜುವಿನ ಕಡೆಯವನೊಬ್ಬ ಬಂದ. ಕಮಿಟಿಯವರು ಕರೆದರೂ ಕೋನಪ್ಪ ಕೆಲಸಕ್ಕೆ ವಾಪಸ್ಸಾಗಿರಲಿಲ್ಲ.

ಆದರೆ ಅವನು ಡೈರಿಗೆ ಹಾಲು ಹಾಕುವ ಸದಸ್ಯನೂ ಆಗಿದ್ದ. ಇಷ್ಟು ದಿನ ಅವನ ಹಸುವಿನ ಹಾಲನ್ನು ಸೊಸೆ ತರುತ್ತಿದ್ದಳು. ಈಗ ತಾನೇ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ. ಸರದಿ ಬಂದಾಗ ಹಾಲು ಕೊಟ್ಟು, ಕಣ್ಣು ಕಿರಿದು ಮಾಡಿಕೊಂಡು, ಮಿಷಿನ್ ಮೇಲೆ ಬಂದ ಅಂಕಿಯನ್ನು ಬಾಯಲ್ಲೇ ಒಮ್ಮೆ ಓದುತ್ತಾನೆ. ಆಮೇಲೆ ಅವಳು ಕೊಟ್ಟ ಚೀಟಿಯಲ್ಲಿ ಅದೇ ಅಂಕಿ ಇದೆಯೇ ಎಂದು ಇನ್ನೊಮ್ಮೆ ಓದುತ್ತಾನೆ. ಹಿಂದೆ ನಿಂತವರು "ಬೇಗ ಕಣಣ್ಣ" ಎಂದು ಗೊಣಗುತ್ತಾರೆ.

ಸಂಘಮಿತ್ರ ಮಾತ್ರ ಅವಸರ ಮಾಡುವುದಿಲ್ಲ. ಮಿಷಿನ್ನನ್ನು ಅವನ ಕಡೆ ಪೂರ್ತಿ ತಿರುಗಿಸಿ, ಅವನು ಓದಿ ಮುಗಿಸುವ ತನಕ ಕೈಯನ್ನು ದೂರ ಇಟ್ಟುಕೊಂಡು ನಿಂತಿರುತ್ತಾಳೆ.